ಅರ್ಬುದ ರೋಗದ ಲೆಕ್ಕ ನಂಬತಕ್ಕದ್ದೆ?

ಸಂಡೂರಿನ ಗಣಿಗಳ ಧೂಳಿನಿಂದ ಅರ್ಬುದ ರೋಗವು, ಅಂದರೆ ಕ್ಯಾನ್ಸರು, ಹೆಚ್ಚುತ್ತಿದೆಯೆಂದು ಒಂದು ಪಕ್ಷದವರು ವಾದಿಸುತ್ತಾರೆ. ಅಂಥದೇನೂ ಇಲ್ಲವೆಂದು ಇನ್ನೊಂದು ಪಕ್ಷದವರು. ಲೆಕ್ಕವನ್ನು ಮುಂದಿಟ್ಟು ಮಾತನಾಡಿದವರನ್ನು ನಾವು ಎರಡು ಪಕ್ಷಗಳಲ್ಲಿಯೂ ಕಾಣೆವು. ಆಸ್ಪತ್ರೆಯ ಪುಸ್ತಕವು ಇದಕ್ಕೆ ಸಾಲದು. ಅದು ತನ್ನ ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸುತ್ತದೆ. ಒಂದು ಸೀಮೆಯ ಇಡೀ ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿ ಹೊಸದಾಗಿ ರೋಗಕ್ಕೆ ತುತ್ತಾದರೆಂದು ಹೇಳಬೇಕಾದುದು ಜನಸಂಖ್ಯಾಧಾರಿತ ನೋಂದಣಿಯ ಕೆಲಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 1981ರಲ್ಲಿ ಹೂಡಿದ ಕಾರ್ಯಕ್ರಮದಂತೆ, 1982ರಿಂದ ಬೆಂಗಳೂರು ನಗರದ ಲೆಕ್ಕವನ್ನು ಕಿದ್ವಾಯಿ ಸಂಸ್ಥೆಯವರು ಇಡುತ್ತಿದ್ದಾರೆ. 2020ರಲ್ಲಿ ಹೊರಬಂದ ವರದಿಯಲ್ಲಿ ದೇಶದ 28 ನೋಂದಣಿಗಳ ಅಂಕಿಗಳಿದ್ದವು. ಕರ್ನಾಟಕದ ಪಾಲಿಗೆ ಬೆಂಗಳೂರೊಂದೇ. ಅದರ ಅಂಕಿಗಳೂ 2014ಕ್ಕೆ ನಿಂತಿದ್ದವು. ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಷ್ಟು ಹಿಂದೆಯೇ ಹಳ್ಳಿಗಳ ಲೆಕ್ಕ ಆರಂಭವಾಗಿರಲು, ಬೆಂಗಳೂರಿನ ಅಂಕಿಯನ್ನೇ ಕಂಪ್ಲಿಯ ಗದ್ದೆಗೂ ಹಂಪೆಯ ಬಾಳೆತೋಟಕ್ಕೂ ಹಚ್ಚುವುದು ಎಲ್ಲಿಯ ನ್ಯಾಯ?

ಆದರೆ ನೋಂದಣಿಯನ್ನು ತೆರೆದ ಮಾತ್ರಕ್ಕೆ ಲೆಕ್ಕ ಸರಿಯಾಯಿತೆಂದಲ್ಲ. ಪರೀಕ್ಷಕರು ಮೊದಲು ಕೇಳುವುದು, ಶೇಕಡಾ ಎಷ್ಟು ಮಂದಿಯ ರೋಗವು ಸೂಕ್ಷ್ಮದರ್ಶಕದಲ್ಲಿ ಖಚಿತಪಟ್ಟಿತೆಂದು. ಪ್ರಮಾಣವು ಕಡಮೆಯಾದರೆ ಊಹೆಯ ರೋಗವೂ ಸೇರಿತೆಂಬ ಶಂಕೆ. ಹಾಗೆಂದು ನೂರಕ್ಕೆ ಸಮೀಪವಾದರೆ ಹಿಗ್ಗತಕ್ಕದ್ದೂ ಅಲ್ಲ. ಪ್ರಯೋಗಶಾಲೆಗೆ ಬಂದವರನ್ನು ಬರೆದುಕೊಂಡು, ಮನೆಯಲ್ಲಿಯೇ ನವೆದು ಸತ್ತವರನ್ನು ಬಿಟ್ಟಿರಬಹುದು. ಮರಣಪತ್ರವೊಂದರಿಂದಲೇ ತಿಳಿದುಬಂದ ರೋಗಿಗಳ ಪ್ರಮಾಣವೂ ಹೀಗೆಯೇ ಎರಡು ನಾಲಗೆಯ ಅಂಕಿ. ಅದು ಹೆಚ್ಚಾದರೆ ಬದುಕಿದ್ದಾಗ ರೋಗಿಯು ಲೆಕ್ಕಕ್ಕೆ ಸಿಕ್ಕಲಿಲ್ಲವೆಂದರ್ಥ. ಸೊನ್ನೆಯಾದರೆ ಮರಣದ ದಫ್ತರವನ್ನೇ ಯಾರೂ ತೆರೆಯಲಿಲ್ಲವೆಂದು ಆಗಬಹುದು. 1969ರ ಜನನ ಮರಣ ನೋಂದಣಿ ಕಾಯಿದೆಯಿದ್ದಾಗ್ಯೂ, 2020ರಲ್ಲಿ ದೇಶದಲ್ಲಿ ನೋಂದಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ದೃಢಪಡಿಸಿದ್ದು ಶೇಕಡಾ 22.5 ಮಾತ್ರ. ಉಳಿದವರ ವಿಷಯದಲ್ಲಿ ‘ವೃದ್ಧಾಪ್ಯ’ವೆಂದು ಬರೆದರೆ ಕೇಳುವವರಾರು? ಸಾವಿನ ಲೆಕ್ಕ ಕುಗ್ಗಿದಲ್ಲಿ, ಚಿಕಿತ್ಸೆಯು ಅದ್ಭುತವಾಗಿದೆಯೆಂಬ ಭ್ರಮೆಯೂ ಹುಟ್ಟುತ್ತದೆ.

ನಮ್ಮ ಸೀಮೆಯ ತೊಡಕು ಇನ್ನೂ ಉಂಟು. ಕಂಪ್ಲಿಯ ಹೆಣ್ಣುಮಗಳೊಬ್ಬಳನ್ನು ಭಾವಿಸಿಕೊಳ್ಳಿ. ಬಳ್ಳಾರಿಯಲ್ಲಿ ಗಡ್ಡೆಯ ಚೂರನ್ನು ತೆಗೆದು ಪರೀಕ್ಷಿಸಿದರು, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಕಿರಣಚಿಕಿತ್ಸೆಗೆ ಬೆಂಗಳೂರಿಗೆ ಹೋಗಿ ತಮ್ಮನ ಮನೆಯ ವಿಳಾಸವನ್ನು ಕೊಟ್ಟಳು. ಒಂದೆಡೆ ಹುಲಿಗೆಮ್ಮ, ಇನ್ನೊಂದೆಡೆ ಹುಲಿಗೆವ್ವ. ಗುಮಾಸ್ತೆಯು ಜಾಗರೂಕನಲ್ಲದಿದ್ದರೆ ಒಬ್ಬಳು ಮೂವರಾಗುತ್ತಾಳೆ; ಇಲ್ಲವೆ ಬೆಂಗಳೂರಿನವಳಾಗಿ ಕಂಪ್ಲಿಯ ಲೆಕ್ಕದಿಂದ ಮಾಯವಾಗುತ್ತಾಳೆ. (ನಮ್ಮ ಚಂದಾದಾರರ ಪಟ್ಟಿಯಲ್ಲಿಯೇ ಒಬ್ಬರಿಗೆ ಎರಡು ಪತ್ರಿಕೆಗಳು ಹೋದ ಉದಾಹರಣೆಗಳಿರುವುದರಿಂದ, ಈ ಮಾತನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ.) ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪರಪ್ರಾಂತದಿಂದ ಬಂದ ಕೆಲಸಗಾರನನ್ನು ಒಂದು ವರ್ಷ ನೆಲೆಸಿದ ಮೇಲೆ ಸ್ಥಳೀಯನೆಂದೆಣಿಸುವುದು ನಿಯಮ, ಕಾಯಿಲೆ ಬಿದ್ದೊಡನೆ ಅವನು ಸ್ವಂತ ಊರಿಗೆ ಹೊರಟರೆ ಹುಡುಕುವವರು ಯಾರು? 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪೆಗಳು ಅಲ್ಲಿ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಅದಕ್ಕೆ ಹಿಂದಿನ ಚೀಟಿಯಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಷ್ಟೇ ಇದ್ದರೆ ರೋಗಿಯು ಯಾವ ಕಡೆಯವನೆಂದು ತಿಳಿಯುವ ಬಗೆಯೆಂತು? ಇನ್ನು ಭಾಗಿಸಬೇಕಾದ ಜನಸಂಖ್ಯೆಯ ವಿಷಯ. 2021ರಲ್ಲಿ ಆಗಬೇಕಾಗಿದ್ದ ಖಾನೇಷುಮಾರಿಯು ಆಗಲಿಲ್ಲ. 2011ರ ಸಂಖ್ಯೆಯನ್ನೇ ಅಂದಾಜಿನಿಂದ ಹಿಗ್ಗಿಸಿಕೊಳ್ಳಬೇಕು.

ಸರ್ಕಾರವು 2015ರಲ್ಲಿ ಇದನ್ನು ವೈದ್ಯರು ತಿಳಿಸಲೇಬೇಕಾದ ರೋಗವೆಂದು ಸಾರಿದೆ. ಆಜ್ಞೆಯೇನೋ ಸರಿ, ಆದರೆ ಆಸ್ಪತ್ರೆ, ಪ್ರಯೋಗಶಾಲೆ, ಮರಣದ ದಫ್ತರಗಳಿಗೆ ಸಿಬ್ಬಂದಿಯು ತಿರುಗಿ ಬರೆದುಕೊಳ್ಳದೆ ಲೆಕ್ಕವು ತುಂಬುವುದಿಲ್ಲ. ಎರಡು ಜಿಲ್ಲೆಗಳಿಗೂ ಕೂಡಿ ಒಂದು ನೋಂದಣಿಯನ್ನು ತೆರೆದು, ಪ್ರತಿ ಚೀಟಿಯಲ್ಲಿಯೂ ತಾಲ್ಲೂಕು, ಗ್ರಾಮಗಳನ್ನು ಬರೆಯಿಸಬೇಕು. ವರದಿಯೊಡನೆ ಅದರ ಲೋಪಗಳ ಅಂಕಿಗಳನ್ನೂ ಪ್ರಕಟಿಸಬೇಕು. ಈ ರೋಗವು ತಲೆದೋರಲು ಹಲವು ವರ್ಷ ಹಿಡಿಯುವುದರಿಂದ, ಸಂಡೂರಿನ ವಿವಾದಕ್ಕೆ ಉತ್ತರವು ಬೇಗನೆ ಬಾರದು. ಅಲ್ಲಿಯವರೆಗೆ ಅದಿರಿನ ಲಾರಿಗಳಿಗೆ ಮುಸುಕು ಹೊದಿಸುವುದಕ್ಕೂ ರಸ್ತೆಗೆ ನೀರು ಹೊಡೆಯಿಸುವುದಕ್ಕೂ ಯಾವ ಲೆಕ್ಕವನ್ನೂ ಕಾಯಬೇಕಾಗಿಲ್ಲವೆಂಬುದನ್ನು ಜಿಲ್ಲಾಧಿಕಾರಿಗಳು ಗಮನಿಸುವರೆಂದು ನಂಬಿದ್ದೇವೆ.