ಒಣಗಿದ ಕೆರೆ ಖಾಲಿ ಜಾಗವಂತೆ!

ಆರ್ಕ್‌ಟಿಕ್‌ನಲ್ಲಿ ನೀರಂಚಿನ ಹಕ್ಕಿಗಳು ಮರಿ ಮಾಡೋ ವಿಡಿಯೋ ನೋಡಿ ಆಫೀಸಲ್ಲಿ ಎಲ್ರೂ 'ವಾಹ್' ಅಂತಾರೆ. ಸರಿ ಸ್ವಾಮಿ, ಅದೇ ಬಳಗದ ಟಿಟ್ಟಿಭ ನಮ್ಮ ಹೊನ್ನವಳ್ಳಿ ಕಡೆ ಕೆರೆಯಂಗಳದಲ್ಲೇ ಮೊಟ್ಟೆ ಇಡುತ್ತಲ್ಲ, ಅದನ್ನ ನೋಡಿದೋರು ಎಷ್ಟು ಜನ?

ನಮ್ಮ ಲೆಕ್ಕದಲ್ಲಿ ಒಣಗಿದ ಕೆರೆ ಅಂದ್ರೆ ಖಾಲಿ ಜಾಗ. ಅಲ್ಲೇ ನೆಲದ ಮೇಲೊಂದು ಸಣ್ಣ ತಗ್ಗು, ಸುತ್ತ ಕಲ್ಲು ಚೂರು, ಮಣ್ಣಿನ ಬಣ್ಣದ 4 ಮೊಟ್ಟೆ. ಬಿಸಿಲೇರಿದ್ರೆ ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ. ಮರಿಯಾಗೋಕೆ ಸುಮಾರು 4 ವಾರ. ಅಪಾಯದ ಕೂಗು ಕೇಳಿದ್ರೆ ಮರಿ ನೆಲಕ್ಕಂಟಿ ಕೂತುಬಿಡುತ್ತೆ. ಹದ್ದಿನ ಕಣ್ಣು ತಪ್ಪಿಸೋಕೆ ಸರಿ, ಜೆಸಿಬಿಗೆ ಕಣ್ಣೆಲ್ಲಿದೆ?

ಬೇಸಿಗೆ ಅದರ ಬಾಣಂತನದ ಕಾಲ, ನಾವು ತೋಟಕ್ಕೆ ಗೋಡು ಹೊಡೆಸೋದೂ ಆಗಲೇ. ಗೋಡು ಬೇಡ ಅಂತಿಲ್ಲ ಕಣ್ರೀ. ತೆಂಗಿಗೆ ಅದು ಬೇಕು, ಕೆರೆಯ ಹೂಳೂ ಹೋಗ್ಬೇಕು. ಅಗೆಯೋ ಮುಂಚೆ ಅಂಗಳ ಒಂದು ಸುತ್ತು ನಡೆದು, ಗೂಡಿದ್ದ ಕಡೆ ಕೋಲು ನೆಟ್ಟು, ಆ ಹತ್ತು ಮಾರು ಒಂದು ತಿಂಗಳು ಬಿಟ್ರೆ ಯಾರ ತೋಟ ಒಣಗುತ್ತೆ? ಹುಡುಕೋದು ಕಷ್ಟ ಅನ್ನೋದು ಬರೀ ನೆಪ. ಹತ್ತಿರ ಹೋದ್ರೆ ಊರಿಗೇ ಕೇಳೋ ಹಾಗೆ ಅರಚುತ್ತೆ. ಹಿಂದೆ ಸರಿದು ಸುಮ್ನೆ ನಿಂತ್ರೆ ಸಾಕು, ತಾನೇ ಬಂದು ಮೊಟ್ಟೆ ಮೇಲೆ ಕೂರುತ್ತೆ.