ಶಾರ್ಕು ಹಾರಿದರೆ ನಮಗೇನು?

ನಮ್ಮ ಮಧುಗಿರಿ ಸೀಮೆಯಲ್ಲಿ ಬಂಡೆಗಳುಂಟು, ಸಮುದ್ರವಿಲ್ಲ. ಆದರೂ ಈಚೆಗೆ ನನ್ನ ತರಗತಿಗೆ ಒಂದು ಶಾರ್ಕು ಮೀನು ಬಂದಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಕ್ಕಳಿಗೆ ಭಾಷಾಂತರಕ್ಕೆಂದು ನಾನು ಕೊಟ್ಟ ಇಂಗ್ಲಿಷ್ ಭಾಗದಲ್ಲಿ, ಒಂದು ಧಾರಾವಾಹಿಯನ್ನು ಕುರಿತು ‘ಜಂಪ್ ದಿ ಶಾರ್ಕ್’ ಎಂಬ ನುಡಿಗಟ್ಟಿತ್ತು. ಬಹುಮಂದಿ ‘ಶಾರ್ಕನ್ನು ಹಾರಿತು’ ಎಂದೇ ಬರೆದರು. ಕೊರಟಗೆರೆ ಕಡೆಯ ಹುಡುಗಿಯೊಬ್ಬಳು ಮಾತ್ರ ‘ಆರುವ ದೀಪಕ್ಕೆ ಕಾಂತಿ ಹೆಚ್ಚು’ ಎಂದು ಬರೆದಿದ್ದಳು. ಮೂಲದಲ್ಲಿ ದೀಪವೆಲ್ಲಿದೆ ಎಂದು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವನು ನಾನೇ.

ಮನೆಗೆ ಬಂದು ಯೋಚಿಸಿದ ಮೇಲೆ ನಾಚಿಕೆಯಾಯಿತು.

ಆ ಮಾತಿನ ಹುಟ್ಟನ್ನು ನೋಡಿ. ‘ಹ್ಯಾಪಿ ಡೇಸ್’ ಎಂಬುದು 1974ರಲ್ಲಿ ಅಮೆರಿಕದಲ್ಲಿ ಆರಂಭವಾದ ದೂರದರ್ಶನ ಧಾರಾವಾಹಿ. ಮಿಲ್ವಾಕಿ ಎಂಬ ಊರಿನ ಒಂದು ಸಂಸಾರದ ಕಥೆ. 1977ರ ಸೆಪ್ಟೆಂಬರಿನ ಒಂದು ಕಂತಿನಲ್ಲಿ, ಜನ ಮೆಚ್ಚಿದ ಫಾಂಜಿ ಎಂಬ ಪಾತ್ರ ಚರ್ಮದ ಜಾಕೆಟ್ಟು ತೊಟ್ಟು, ನೀರಿನ ಮೇಲೆ ಜಾರುತ್ತ ಹೋಗಿ ಶಾರ್ಕಿನ ಮೇಲಿಂದ ಹಾರಿತು. ಧಾರಾವಾಹಿ ಸತ್ವಗೆಟ್ಟ ಗಳಿಗೆ ಅದೇ ಎಂದು ಮುಂದೆ ಕೆಲವರು ಗುರುತಿಸಿದರು. ಆದರೆ ಅದು 1984ರವರೆಗೂ ನಡೆಯಿತು! ಅಂದಮೇಲೆ ಈ ಮಾತಿಗೆ ‘ಜನಪ್ರಿಯತೆ ಹೋಯಿತು’ ಎಂದಷ್ಟೇ ಅರ್ಥ ಹೇಳುವುದೂ ತಪ್ಪು. ಜನ ಕೈಬಿಟ್ಟದ್ದಕ್ಕೆ ‘ಮೂಲೆಗುಂಪಾಯಿತು’ ಎಂಬ ಮಾತು ನಮ್ಮಲ್ಲಿದೆ. ಶಾರ್ಕಿನದು ಅದಕ್ಕಿಂತ ಮುಂಚಿನ ಅವಸ್ಥೆ: ಸರಕು ಮುಗಿದಿದೆ, ಸರ್ಕಸ್ಸು ಶುರುವಾಗಿದೆ.

ಆಡಂಬರವೇ ದೋಷವೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಕುರುಕ್ಷೇತ್ರಕ್ಕೆ ಆನೆ ಬೇಕು; ಮಿಲ್ವಾಕಿಯ ಸಂಸಾರಕ್ಕೆ ಶಾರ್ಕು ಬೇಕಿರಲಿಲ್ಲ.

ಇಂಥ ಮಾತಿಗೆ ಕನ್ನಡದಲ್ಲಿ ಸಮಾನಪದವಿಲ್ಲ, ಇಂಗ್ಲಿಷನ್ನೇ ಇಟ್ಟುಕೊಳ್ಳಿ ಎನ್ನುವ ವಿದ್ವಾಂಸರುಂಟು. ದೀಪ ತಾನಾಗಿ ಉರಿಯುತ್ತದೆ, ಶಾರ್ಕನ್ನು ಹಾರಿಸಿದವರು ಬೇಕೆಂದೇ ಹಾರಿಸಿದರು, ಎರಡೂ ಒಂದಲ್ಲ ಎಂದು ಅವರು ವಾದಿಸಬಹುದು. ಒಪ್ಪಿದೆ. ಆದರೆ ತೂಕಕ್ಕೆ ತೂಕ ಸರಿಹೋಗುವ ನುಡಿಗಟ್ಟು ಯಾವ ಎರಡು ಭಾಷೆಗಳಲ್ಲಿದೆ? ಕೇಳಿದವನಿಗೆ ಅರ್ಥವಾಯಿತೇ ಎಂಬುದಲ್ಲವೇ ಪರೀಕ್ಷೆ? ಶಾರ್ಕಿಗೆ ಅಡಿಟಿಪ್ಪಣಿ ಬೇಕು, ದೀಪಕ್ಕೆ ಬೇಡ. ಬಡತನ ಕನ್ನಡದ್ದಲ್ಲ. ಮನೆಯಲ್ಲಿ ಕೇಳಿದ ಮಾತು ಉತ್ತರಪತ್ರಿಕೆಗೆ ಯೋಗ್ಯವಲ್ಲ ಎಂದು ಮಕ್ಕಳಿಗೆ ಕಲಿಸಿದ ನಮ್ಮದು.

ಮರುದಿನ ಆ ಹುಡುಗಿಯನ್ನು ಕರೆದು, ಕೆಂಪು ಗೆರೆಯ ಪಕ್ಕದಲ್ಲಿ ಪೂರ್ಣ ಅಂಕ ಬರೆದುಕೊಟ್ಟೆ. ಅವಳು ಸಂತೋಷಪಡುವುದಕ್ಕೆ ಬದಲು ಅನುಮಾನದಿಂದ ಕೇಳಿದಳು: “ಹಂಗಾರೆ ನಮ್ಮಜ್ಜಿ ಆಡೋ ಮಾತು ಪರೀಕ್ಷೇಲಿ ಬರೀಬೌದಾ ಸಾರ್?”

ಬರೆಯಬಹುದು ಎಂದೆ. ಆದರೆ ಅವಳ ಪತ್ರಿಕೆಯನ್ನು ಮುಂದೆ ತಿದ್ದುವವನು ನಾನೊಬ್ಬನೇ ಅಲ್ಲವಲ್ಲ!