ಡಿಸ್ಕುಗಳ ಸ್ಥಾನಪಲ್ಲಟವೂ ಪ್ಯಾರಿಟಿಯ ರಕ್ಷಣೆಯೂ

ನಮ್ಮ ವ್ಯಾಪಾರಸ್ಥರೂ ಸಣ್ಣ ಕೈಗಾರಿಕೋದ್ಯಮಿಗಳೂ ಕಿರ್ದಿ, ಖಾತೆಗಳನ್ನು ಕಾಗದದಿಂದ ಗಣಕಯಂತ್ರಕ್ಕೆ ವರ್ಗಾಯಿಸಿ ಬಹಳ ವರ್ಷಗಳಾದವು. ಈಚೆಗೆ ಕೆಲವರು ಮನೆಯ ಅಥವಾ ಕಚೇರಿಯ ಮೂಲೆಯಲ್ಲಿ ನಾಲ್ಕಾರು ಹಾರ್ಡ್ ಡಿಸ್ಕುಗಳುಳ್ಳ ಸಂಗ್ರಹ ಸರ್ವರ್ ಒಂದನ್ನೂ ಇಟ್ಟುಕೊಂಡಿದ್ದಾರೆ. ನಾನೂ ಅವರಲ್ಲೊಬ್ಬ. ಆ ಪೆಟ್ಟಿಗೆಯನ್ನು ಕೊಳ್ಳುವಾಗ ನಾವೆಲ್ಲರೂ ವಿಚಾರಿಸುವುದು ಅದರ ಬೆಲೆಯನ್ನು ಮತ್ತು ಎಷ್ಟು ಹಿಡಿಸುತ್ತದೆ ಎಂಬುದನ್ನು. ಡಿಸ್ಕುಗಳನ್ನು ಅದಲುಬದಲು ಮಾಡಬೇಕಾದ ದಿನ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಇದು ಕೇವಲ ಹವ್ಯಾಸದ ವಿಷಯವಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನ ಪ್ರಕಾರ ನೋಂದಾಯಿತ ವ್ಯಾಪಾರಿಯು ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳುಗಳ ಕಾಲ ಕಾಪಾಡಬೇಕು. 2018-19ನೆಯ ಸಾಲಿನ ವಿವರಣೆಗೆ ಆ ದಿನಾಂಕವು 2020ರ ಡಿಸೆಂಬರ್ 31ರವರೆಗೆ ಮುಂದೂಡಲ್ಪಟ್ಟಿದ್ದರಿಂದ, ಆ ಸಾಲಿನ ಬಿಲ್ಲುಗಳಿಗೆ 2026ರ ಡಿಸೆಂಬರ್ ಅಂತ್ಯದವರೆಗೆ ಆಯುಷ್ಯವಿದೆ. ಕಂಪನಿಗಳಿಗಂತೂ 2013ರ ಕಾಯ್ದೆಯ 128ನೆಯ ಕಲಮು ಎಂಟು ಆರ್ಥಿಕ ವರ್ಷಗಳ ಅವಧಿಯನ್ನು ವಿಧಿಸಿದೆ. ಗಣಕೀಕೃತ ಲೆಕ್ಕಗಳ ಪ್ರತಿಯನ್ನು ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಇಡಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಡಿಸ್ಕು ಕೆಟ್ಟಿತೆಂಬ ಸಬೂಬನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿರುವುದು ಅಮೆರಿಕದ ಅನ್‌ರೈಡ್ ಎಂಬ ತಂತ್ರಾಂಶ. ಇದರಲ್ಲಿ ಪ್ರತಿ ಡಿಸ್ಕೂ ತನ್ನ ಕಡತಗಳನ್ನು ತಾನೇ ಪೂರ್ಣವಾಗಿ ಇಟ್ಟುಕೊಳ್ಳುತ್ತದೆ. ಒಂದು ಡಿಸ್ಕು ಮಾತ್ರ ಪ್ಯಾರಿಟಿಗೆ ಮೀಸಲು. ಅದು ಉಳಿದ ಯಾವ ಡಿಸ್ಕಿಗಿಂತಲೂ ಚಿಕ್ಕದಾಗಿರಬಾರದು. ಪ್ಯಾರಿಟಿ ಎಂದರೇನೆಂಬುದನ್ನು ಲೆಕ್ಕದ ಮನುಷ್ಯನ ಭಾಷೆಯಲ್ಲಿಯೇ ಹೇಳುತ್ತೇನೆ. ನಾಲ್ಕು ಖಾತೆಗಳಲ್ಲಿ ಕ್ರಮವಾಗಿ 40, 25, 15, 20 ರೂಪಾಯಿಗಳಿವೆ, ಮೊತ್ತ 100. ಒಂದು ಖಾತೆಯ ಹಾಳೆ ಹರಿದುಹೋದರೆ, ಮೊತ್ತದಿಂದ ಉಳಿದ ಮೂರನ್ನು ಕಳೆದು ಆ ಅಂಕಿಯನ್ನು ಮರಳಿ ಪಡೆಯಬಹುದು. ಎರಡು ಹಾಳೆಗಳು ಹರಿದರೆ ಆಗದು. ಯಂತ್ರವು ರೂಪಾಯಿಗಳ ಬದಲು ಒಂದು-ಸೊನ್ನೆಗಳನ್ನು ಎಣಿಸಿ, ಒಂದುಗಳ ಸಂಖ್ಯೆ ಸರಿಯೋ ಬೆಸವೋ ಎಂಬುದನ್ನಷ್ಟೇ ಬರೆದಿಡುತ್ತದೆ. ತತ್ವ ಅದೇ.

ಈಗ ಮುಖ್ಯ ಪ್ರಶ್ನೆ. ಹಾಳೆಗಳನ್ನು ಹಿಂದುಮುಂದಾಗಿ ಜೋಡಿಸಿದರೆ ಮೊತ್ತ ಬದಲಾಗುವುದೇ? ಇಲ್ಲ. ಆದ್ದರಿಂದ ಒಂದೇ ಪ್ಯಾರಿಟಿ ಡಿಸ್ಕು ಇರುವಲ್ಲಿ ದತ್ತಾಂಶದ ಡಿಸ್ಕುಗಳ ಕ್ರಮಸಂಖ್ಯೆಯನ್ನು ಹೇಗೆ ಬದಲಾಯಿಸಿದರೂ ಪ್ಯಾರಿಟಿ ಕೆಡುವುದಿಲ್ಲ. 2016ರಲ್ಲಿ ಬಂದ ಎರಡನೆಯ ಪ್ಯಾರಿಟಿಯ ಸಂಗತಿ ಬೇರೆ. ಅದು ಪ್ರತಿ ಅಂಕಿಯನ್ನೂ ಅದರ ಸ್ಥಾನಕ್ಕೆ ತಕ್ಕಂತೆ ತೂಗಿ ಕೂಡುವ ಬಗೆಯದು. ನಮ್ಮ ಉದಾಹರಣೆಯನ್ನು ಒಂದು, ಎರಡು, ಮೂರು, ನಾಲ್ಕರಿಂದ ಗುಣಿಸಿ ಕೂಡಿದರೆ 215 ಬರುತ್ತದೆ. ಮೊದಲ ಎರಡು ಖಾತೆಗಳನ್ನು ಅದಲುಬದಲು ಮಾಡಿದರೆ 230. ಮೊದಲ ಪ್ಯಾರಿಟಿ ಸರಿಯಾಗಿಯೇ ಇರುತ್ತದೆ, ಎರಡನೆಯದು ಅಸಿಂಧುವಾಗುತ್ತದೆ. ದತ್ತಾಂಶವನ್ನು ತುಂಡುತುಂಡಾಗಿ ಎಲ್ಲ ಡಿಸ್ಕುಗಳಿಗೂ ಹಂಚುವ ರೈಡ್ 5 ಪದ್ಧತಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇದನ್ನೆಲ್ಲ ನಾನು ಕಲಿತದ್ದು ನಷ್ಟ ಅನುಭವಿಸಿದ ನಂತರ. ಹೊಸ ಡಿಸ್ಕನ್ನು ಸೇರಿಸಿದ ಮೇಲೆ, ಮಾರಾಟ ಒಂದನೆಯದರಲ್ಲಿ, ಖರೀದಿ ಎರಡನೆಯದರಲ್ಲಿ, ಸಂಬಳದ ಪಟ್ಟಿ ಮೂರನೆಯದರಲ್ಲಿ ಇರಲಿ ಎಂಬ ಬಯಕೆ ಹುಟ್ಟಿತು. ಕ್ರಮಸಂಖ್ಯೆ ತಪ್ಪಿದರೆ ನಿದ್ರೆ ಬಾರದಿರುವುದು ನಮ್ಮ ವೃತ್ತಿಯ ರೋಗ. ಒಂದು ಭಾನುವಾರ ಹಳೆಯ ಜೋಡಣೆಯನ್ನು ಅಳಿಸಿ ಹೊಸದನ್ನು ರಚಿಸಲು ಕುಳಿತೆ. ಪ್ಯಾರಿಟಿಯ ಡಿಸ್ಕೂ ಖರೀದಿಯ ಡಿಸ್ಕೂ ಒಂದೇ ಮಾದರಿಯವು, ಒಂದೇ ಗಾತ್ರದವು. ಕ್ರಮಾಂಕದ ಕೊನೆಯ ಅಕ್ಷರಗಳಲ್ಲಿ ಮಾತ್ರ ವ್ಯತ್ಯಾಸ. ಬರೆದಿಟ್ಟ ಪಟ್ಟಿ ಇರಲಿಲ್ಲ. ಖರೀದಿಯ ಡಿಸ್ಕನ್ನು ಪ್ಯಾರಿಟಿಯ ಸ್ಥಾನದಲ್ಲಿ ಕೂರಿಸಿ ಚಾಲನೆ ಕೊಟ್ಟೆ. ಯಂತ್ರವು ಆಜ್ಞಾಧಾರಕನಂತೆ ಅದರ ಮೇಲೆ ಹೊಸ ಪ್ಯಾರಿಟಿಯನ್ನು ಬರೆಯತೊಡಗಿತು. ಇತ್ತ ನಿಜವಾದ ಪ್ಯಾರಿಟಿ ಡಿಸ್ಕು ದತ್ತಾಂಶದ ಸ್ಥಾನದಲ್ಲಿ ಕುಳಿತು, ಅದರಲ್ಲಿ ಓದಬಹುದಾದ ಕಡತಗಳಿಲ್ಲವೆಂದೂ ಫಾರ್ಮ್ಯಾಟ್ ಮಾಡಬೇಕೇ ಎಂದೂ ಪರದೆಯಲ್ಲಿ ಪ್ರಶ್ನೆ ಬಂತು. ಅಲ್ಲಿಯೇ ನಿಲ್ಲಿಸಿದ್ದರೆ ಹಳೆಯ ಪ್ಯಾರಿಟಿಯಿಂದ ಬಹುಪಾಲು ಮರಳಿ ದೊರೆಯುತ್ತಿತ್ತು. ಹೌದೆಂದು ಒತ್ತಿ, ರಾತ್ರಿಯೇ ಅದರ ಮೇಲೆ ಹೊಸ ಕಡತಗಳನ್ನೂ ತುಂಬಿದೆ.

ಹೋದದ್ದು ಒಬ್ಬ ಸಣ್ಣ ತಯಾರಕರ 2018-19ನೆಯ ಸಾಲಿನ ಖರೀದಿ ಬಿಲ್ಲುಗಳ ಪ್ರತಿಗಳು. ತಜ್ಞರೊಬ್ಬರ ನೆರವಿನಿಂದ ಕೆಲವು ಮಾತ್ರ ಸಿಕ್ಕವು. ಕೆಲವು ತಿಂಗಳುಗಳ ನಂತರ ಅದೇ ಸಾಲಿನ ಇನ್‌ಪುಟ್ ತೆರಿಗೆ ಜಮೆಯ ಕುರಿತು ಅವರಿಗೆ ನೋಟೀಸು ಬಂತು. ನಾನು ವಿಷಯ ತಿಳಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ. “ಆಡಿಟರ್ ಸಾಹೇಬ್ರ ಹತ್ರ ಅದಾವ ಅಂತ ನಾ ಕಾಗದೆಲ್ಲ ರದ್ದಿಗೆ ಹಾಕಿಬಿಟ್ಟೆನ್ರೀ” ಎಂದಷ್ಟೇ ಹೇಳಿದರು. ಸರಬರಾಜುದಾರರ ಮನೆಬಾಗಿಲಿಗೆ ಹೋಗಿ ನಕಲು ಪ್ರತಿಗಳನ್ನು ಬೇಡಿದೆವು. ಇಬ್ಬರು ವ್ಯಾಪಾರವನ್ನೇ ಮುಚ್ಚಿದ್ದರು. ಅವರಿಂದ ಕೊಂಡ ಸರಕಿನ ಜಮೆಯನ್ನು ಬಡ್ಡಿಸಹಿತ ಬಿಟ್ಟುಕೊಡಬೇಕಾಯಿತು. ಆ ಮೊಬಲಗನ್ನು ನಾನು ಕೊಡಲು ಹೋದಾಗ ಅವರು ಅರ್ಧ ಮಾತ್ರ ತೆಗೆದುಕೊಂಡರು.

ಮಾಡಬೇಕಾದ ರೀತಿ ಹೀಗಿತ್ತು. ಮೊದಲು ಪ್ಯಾರಿಟಿಯ ಪೂರ್ಣ ತಪಾಸಣೆ ನಡೆಸಿ, ದೋಷ ಸೊನ್ನೆ ಎಂದು ಖಚಿತಪಡಿಸಿಕೊಳ್ಳಬೇಕು. 8 ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ ಸರಾಸರಿ 150 ಮೆಗಾಬೈಟಿನ ವೇಗ ಹಿಡಿದರೂ ಹದಿನೈದು ಗಂಟೆ ಬೇಕು. ಆತುರಗಾರರಿಗೆ ಈ ಕೆಲಸ ಹೇಳಿದ್ದಲ್ಲ. ಬಳಿಕ ಯಾವ ಕ್ರಮಾಂಕದ ಡಿಸ್ಕು ಯಾವ ಸ್ಥಾನದಲ್ಲಿದೆ ಎಂಬುದನ್ನು ಮುದ್ರಿಸಿಕೊಳ್ಳಬೇಕು. ಕೇಬಲ್ಲನ್ನೋ ಪೆಟ್ಟಿಗೆಯೊಳಗಿನ ಖಾನೆಯನ್ನೋ ಬದಲಾಯಿಸುವುದಷ್ಟೇ ಆದರೆ ಇದಾವುದೂ ಬೇಕಿಲ್ಲ, ಏಕೆಂದರೆ ತಂತ್ರಾಂಶವು ಡಿಸ್ಕನ್ನು ಗುರುತಿಸುವುದು ಕ್ರಮಾಂಕದಿಂದ. (ಕೆಲವು ಅಗ್ಗದ ಯುಎಸ್‌ಬಿ ಪೆಟ್ಟಿಗೆಗಳು ಆ ಕ್ರಮಾಂಕವನ್ನೇ ಮರೆಮಾಡುತ್ತವೆ, ಅವನ್ನು ಕೊಳ್ಳಬೇಡಿ.) ಸ್ಥಾನಸಂಖ್ಯೆಯನ್ನೇ ಬದಲಾಯಿಸುವುದಿದ್ದರೆ ಹೊಸ ಜೋಡಣೆ ರಚಿಸಿ, ಪ್ಯಾರಿಟಿಯ ಡಿಸ್ಕನ್ನು ಮುದ್ರಿತ ಪಟ್ಟಿಯೊಡನೆ ಇಬ್ಬರು ತಾಳೆ ನೋಡಿ, “ಪ್ಯಾರಿಟಿ ಈಗಾಗಲೇ ಸಿಂಧುವಾಗಿದೆ” ಎಂಬ ಅರ್ಥದ ಚೌಕದಲ್ಲಿ ಗುರುತು ಹಾಕಿಯೇ ಚಾಲನೆ ಕೊಡಬೇಕು. ಎರಡನೆಯ ಪ್ಯಾರಿಟಿ ಇದ್ದವರು ಅದನ್ನು ಈ ಹಂತದಲ್ಲಿ ಹೊರಗಿಟ್ಟು, ಮೊದಲನೆಯದರ ರಕ್ಷಣೆಯಲ್ಲಿ ಆಮೇಲೆ ಹೊಸದಾಗಿ ಕಟ್ಟಬೇಕು. ಚಾಲನೆಯಾದ ಮೇಲೆ ತಿದ್ದುಪಡಿ ಬರೆಯದ ತಪಾಸಣೆಯೊಂದನ್ನು ಪುನಃ ನಡೆಸಬೇಕು. ಯಾವುದೇ ಡಿಸ್ಕು ಫಾರ್ಮ್ಯಾಟ್ ಕೇಳಿದರೆ ಯಂತ್ರ ನಿಲ್ಲಿಸಿ ಪಟ್ಟಿ ನೋಡಬೇಕು. ಕಡತಗಳು ಇಂತಿಂಥ ಸಂಖ್ಯೆಯ ಡಿಸ್ಕಿಗೇ ಹೋಗಲೆಂದು ಮೊದಲೇ ನಿಯಮ ಬರೆದಿದ್ದರೆ ಅದನ್ನೂ ಹೊಸ ಸಂಖ್ಯೆಗೆ ತಿದ್ದಬೇಕು.

ನಮ್ಮ ಕೆಲವು ಸದಸ್ಯರು ಎರಡು ಪ್ಯಾರಿಟಿ ಹಾಕಿಸಿ ನಿಶ್ಚಿಂತರಾಗಿದ್ದಾರೆ. ನಾಲ್ಕೈದು ಡಿಸ್ಕುಗಳ ಸಣ್ಣ ಕಚೇರಿಗೆ ಅದು ಸರಿಯಾದ ಖರ್ಚಲ್ಲವೆಂಬುದು ನನ್ನ ಅಭಿಪ್ರಾಯ. ಆ ಎರಡನೆಯ ಡಿಸ್ಕಿನ ಹಣದಲ್ಲಿ ಇನ್ನೊಂದು ಕಟ್ಟಡದಲ್ಲಿ ಪ್ರತಿ ಇಡಿ. ಅಳಿಸಿದ ಕಡತವನ್ನು ಪ್ಯಾರಿಟಿ ಮರಳಿ ಕೊಡುವುದಿಲ್ಲ. ಅಳಿಸಿದ ಸ್ಥಿತಿಗೇ ತಕ್ಷಣ ಹೊಂದಿಕೊಳ್ಳುತ್ತದೆ. ಬೆಂಕಿ, ಕಳ್ಳತನ, ಸುಲಿಗೆ ತಂತ್ರಾಂಶ ಇವುಗಳಿಗೂ ಅದು ಮದ್ದಲ್ಲ. ಇನ್ನು ಲೆಕ್ಕಪತ್ರ ಕಾಪಾಡುವ ಹೊಣೆಯನ್ನು ಕಾಯ್ದೆ ಹೊರಿಸಿರುವುದು ನೋಂದಾಯಿತ ವ್ಯಾಪಾರಿಯ ಮೇಲೆಯೇ ಹೊರತು ಅವರ ಲೆಕ್ಕಪರಿಶೋಧಕನ ಮೇಲಲ್ಲ. ಹಾಗೆಂದು ನನ್ನ ತಪ್ಪು ಚಿಕ್ಕದಾಗದು. ಆದರೆ ಅವಧಿ ಮುಗಿಯುವ ಮೊದಲೇ ಬಿಲ್ಲುಗಳನ್ನು ರದ್ದಿಗೆ ಹಾಕುವವರು ಇದನ್ನು ತಿಳಿದಿರಬೇಕು.

ನನ್ನ ಪೆಟ್ಟಿಗೆಯ ಮುಚ್ಚಳದ ಒಳಗೆ ಈಗ ಕ್ರಮಾಂಕಗಳ ಪಟ್ಟಿ ಅಂಟಿಸಿದೆ. ಪ್ಯಾರಿಟಿ ಡಿಸ್ಕಿನ ಮೇಲೆ ಕೆಂಪು ಪಟ್ಟಿ ಸುತ್ತಿದೆ. ಸಂಬಳದ ಪಟ್ಟಿ ಇವತ್ತಿಗೂ ನಾಲ್ಕನೆಯ ಡಿಸ್ಕಿನಲ್ಲಿಯೇ ಇದೆ.